ಕೊನೆ ಮಡಿಗೂ ನೀರು



ವಸಂತ ಎಂದೊಡನೆ ನಮಗೆ ನೆನಪಾಗುವುದು ಕೋಗಿಲೆಯ ದನಿ, ಮಾವಿನ ಚಿಗುರು, ತಂಗಾಳಿ. ಶಾಲೆಯ ಪುಸ್ತಕಗಳಲ್ಲಿ ನಾವು ಓದಿದ ವಸಂತ ಅದು. ಆದರೆ ಕೃಷ್ಣಾ ನದಿಯ ದಂಡೆಯಲ್ಲಿ, ರಾಯಚೂರು ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ವಸಂತವೆಂದರೆ ಮೊದಲು ಬಿಸಿಲು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ ಹಿರಿಯರು. ಅದು ಹೋದ ಮೇಲೆ ನಮ್ಮ ಕಡೆ ಬಿಸಿಲಿಗೆ ತಡೆಯೇ ಇಲ್ಲ. ಹೊಳೆ ಇಳಿಯುತ್ತದೆ, ನೀರಿನೊಳಗಿದ್ದ ಬಂಡೆಗಳು ಒಂದೊಂದಾಗಿ ಮೇಲೆ ಕಾಣಿಸುತ್ತವೆ, ಬೇವಿನ ಮರ ಎಲೆ ಉದುರಿಸಿ ಬೋಳಾಗುತ್ತದೆ. ಇದೇ ಹೊತ್ತಿಗೆ ನಮ್ಮ ದೇವಾಲಯಗಳಲ್ಲಿ ಹಣೆಗೆ ವಿಭೂತಿ ಬೀಳುತ್ತದೆ. ತಪಸ್ಸು ಕಾಲ ಆರಂಭವಾಗುತ್ತದೆ.

ಇಂಗ್ಲಿಷಿನಲ್ಲಿ ಈ ಕಾಲಕ್ಕೆ ಲೆಂಟ್ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ವಸಂತ ಎಂದೇ ಅರ್ಥವಿತ್ತು. ಹಗಲು ಉದ್ದವಾಗುವ ಕಾಲ ಎಂಬುದು ಅದರ ಮೂಲ. ನಾವು ಕನ್ನಡದ ಕಥೋಲಿಕರು ಇಟ್ಟುಕೊಂಡ ಹೆಸರು ಬೇರೆ: ತಪಸ್ಸು ಕಾಲ. ತಪಸ್ಸಿನ ಬೇರಿನಲ್ಲಿರುವುದು ತಾಪ, ಅಂದರೆ ಕಾವು. ಅವರಿಗೆ ಅದು ಚಿಗುರುವ ಕಾಲ, ನಮಗೆ ಕಾಯುವ ಕಾಲ! ಈ ಎರಡೂ ಹೆಸರುಗಳು ಒಂದೇ ಸತ್ಯವನ್ನು ಹೇಳುತ್ತವೆ ಎಂಬುದು ನನಗೆ ಅರ್ಥವಾದದ್ದು ಗುರುಮಠದ ತರಗತಿಯಲ್ಲಲ್ಲ. 2025ರ ತಪಸ್ಸು ಕಾಲದಲ್ಲಿ, ಜೂರಾಲ ಅಣೆಕಟ್ಟಿನ ಕಾಲುವೆಯ ಕೆಳಗೆ, ಒಂದು ಗದ್ದೆಯ ಬದುವಿನ ಮೇಲೆ, ಅಮಾವಾಸ್ಯೆಯ ರಾತ್ರಿ.

ಆ ವರ್ಷ ಮಾರ್ಚ್ 5ರಂದು ವಿಭೂತಿ ಬುಧವಾರ. ಮಾರ್ಚ್ 30, ತಪಸ್ಸು ಕಾಲದ ನಾಲ್ಕನೆಯ ಭಾನುವಾರ, ಅಂದೇ ಯುಗಾದಿ. ಇದರಲ್ಲಿ ಆಶ್ಚರ್ಯವೇನಿಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ನಮ್ಮ ಪಾಸ್ಖ ಹಬ್ಬ. ಯುಗಾದಿಯೂ ಚಂದ್ರನ ಲೆಕ್ಕದ ಹಬ್ಬವೇ. ಹಾಗಾಗಿ ಬಹಳಷ್ಟು ವರ್ಷಗಳಲ್ಲಿ ಯುಗಾದಿ ತಪಸ್ಸು ಕಾಲದೊಳಗೇ ಬರುತ್ತದೆ. 2021 ಮತ್ತು 2024ರಂತಹ ವರ್ಷಗಳಲ್ಲಿ ಮಾತ್ರ ಪಾಸ್ಖ ಮುಗಿದ ಮೇಲೆ ಬಂತು. ನಾವು ಉಪವಾಸದಲ್ಲಿರುವಾಗ ಪಕ್ಕದ ಮನೆಯಿಂದ ಬೇವುಬೆಲ್ಲ ಬರುವುದು ನಮ್ಮ ಊರುಗಳಲ್ಲಿ ಹೊಸದಲ್ಲ. 2025ರಲ್ಲಂತೂ ಅದೇ ತಿಂಗಳು ಮುಸ್ಲಿಂ ಬಂಧುಗಳ ರಂಜಾನ್ ಉಪವಾಸವೂ ಕೂಡಿ ಬಂದಿತ್ತು.

ಅಂದಿನ ಬಲಿಪೂಜೆಯ ಶುಭಸಂದೇಶ ವಾಚನ ಯಾವುದು ಗೊತ್ತೇ? ಸಂತ ಲೂಕರ ಹದಿನೈದನೆಯ ಅಧ್ಯಾಯದ, ತಂದೆ ಮತ್ತು ಇಬ್ಬರು ಗಂಡುಮಕ್ಕಳ ಸಾಮತಿ. ನಾವೆಲ್ಲರೂ ಅದನ್ನು ದುಂದುಗಾರ ಮಗನ ಸಾಮತಿ ಎಂದು ಕರೆಯುತ್ತೇವೆ. ಗುರುವಾದ ಮೇಲೆ ಅದರ ಮೇಲೆ ನಾನು ಎಷ್ಟು ಸಲ ಪ್ರಬೋಧನೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೆ ಆ ವರ್ಷ ಪುಸ್ತಕ ತೆರೆದಾಗಲೆಲ್ಲ ಎದೆಯಲ್ಲೊಂದು ಮುಳ್ಳು ಆಡುತ್ತಿತ್ತು. ಕಾರಣ ಹೇಳಿಬಿಡುತ್ತೇನೆ. ಆಗ ನಾನು ನನ್ನ ಒಡಹುಟ್ಟಿದ ಅಣ್ಣನೊಡನೆ ಮಾತು ಬಿಟ್ಟು ನಾಲ್ಕು ವರ್ಷಗಳಾಗಿದ್ದವು.

ಜಗಳ ದೊಡ್ಡದೇನಲ್ಲ. ಅಪ್ಪ ತೀರಿಕೊಂಡ ಮೇಲೆ ನಮಗೆ ಉಳಿದಿದ್ದು ಎರಡೆಕರೆ ಹೊಲ. ಪಹಣಿ ಅಣ್ಣನ ಹೆಸರಿನಲ್ಲಿತ್ತು. ಅವನು ನನಗೆ ಒಂದು ಮಾತೂ ಹೇಳದೆ ಅದನ್ನು ಮಾರಿದ. ಹೊಲದ ಹಣ ನನಗೆ ಬೇಕಿರಲಿಲ್ಲ, ಇದು ದೇವರಾಣೆ ನಿಜ. ಆದರೆ ನನ್ನನ್ನು ಕೇಳಲಿಲ್ಲವಲ್ಲ! ಅಪ್ಪ ಬೆವರು ಸುರಿಸಿದ ಮಣ್ಣು, ನಾನೂ ಆ ಮನೆಯ ಮಗನಲ್ಲವೇ? ಫೋನಿನಲ್ಲಿ ಅವನಿಗೆ ನಾಲ್ಕು ಬಿರುಸಿನ ಮಾತು ಆಡಿ ಇಟ್ಟೆ. ಮತ್ತೆ ಮಾಡಲಿಲ್ಲ. ಅವನೂ ಮಾಡಲಿಲ್ಲ. ವಾರವಾರ ಪಾಪನಿವೇದನೆಯ ಪೀಠದಲ್ಲಿ ಕುಳಿತು ಅಣ್ಣತಮ್ಮಂದಿರಿಗೆ, ಅತ್ತೆಸೊಸೆಯರಿಗೆ ಕ್ಷಮೆಯ ಬುದ್ಧಿ ಹೇಳುತ್ತಿದ್ದವನು ನಾನೇ.

ನಮ್ಮ ಅಕ್ಕನನ್ನು ಗದ್ವಾಲ ಸೀಮೆಯ ಒಂದು ಹಳ್ಳಿಗೆ ಕೊಟ್ಟಿದೆ. ಈಗ ಅದು ತೆಲಂಗಾಣ. ಆದರೆ 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳನ್ನು ಮರುವಿಂಗಡಿಸಿದಾಗ ಅವು ಮೆಹಬೂಬನಗರ ಜಿಲ್ಲೆಗೆ ಸೇರಿದವು. 2016ರಲ್ಲಿ ಜೋಗುಳಾಂಬ ಗದ್ವಾಲ ಎಂಬ ಹೊಸ ಜಿಲ್ಲೆಯಾಯಿತು. ನಕ್ಷೆಯ ಗೆರೆ ಬದಲಾದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಅಕ್ಕನ ಮಕ್ಕಳು ಶಾಲೆಯಲ್ಲಿ ತೆಲುಗು ಓದುತ್ತಾರೆ, ಅಡುಗೆಮನೆಯಲ್ಲಿ ಕನ್ನಡ ಮಾತಾಡುತ್ತಾರೆ. ಆ ಸುತ್ತಿನ ಕೆಲವು ಕನ್ನಡ ಕುಟುಂಬಗಳಿಗಾಗಿ ತಪಸ್ಸು ಕಾಲದಲ್ಲಿ ಒಂದು ಕನ್ನಡ ಬಲಿಪೂಜೆ ಅರ್ಪಿಸಿ ಎಂದು ಅಲ್ಲಿಯ ಗುರುಗಳು ಕೇಳಿದ್ದರು. ನಮ್ಮ ಧರ್ಮಕೇಂದ್ರದ ಭಾನುವಾರದ ಪೂಜೆಯನ್ನು ಸಹಾಯಕ ಗುರುಗಳಿಗೆ ಒಪ್ಪಿಸಿ ಶನಿವಾರ ರಾಯಚೂರಿನಲ್ಲಿ ರೈಲು ಹತ್ತಿದೆ. 2013ರಲ್ಲಿ ತೆರೆದ ಗದ್ವಾಲ ಮಾರ್ಗ ಅದು. ಕಿಟಕಿಯ ಆಚೆ ಒಣ ಬಯಲು. ನಡುನಡುವೆ ಒಂದೊಂದು ಮುತ್ತುಗದ ಮರ. ಮೈಮೇಲೆ ಎಲೆಯೇ ಇಲ್ಲ, ತುದಿಗಳಲ್ಲಿ ಮಾತ್ರ ಕೊನೆಯ ಕೆಂಪು ಹೂಗಳು ಉಳಿದಿದ್ದವು.

ಜೂರಾಲ ಅಣೆಕಟ್ಟನ್ನು ನೋಡಿದವರಿಗೆ ಗೊತ್ತು, ಅದು ಉದ್ದದಲ್ಲಿ ದೊಡ್ಡದು, ಹೊಟ್ಟೆಯಲ್ಲಿ ಚಿಕ್ಕದು. ಕೃಷ್ಣೆಗೆ ಮೇಲೆ ನಮ್ಮ ಆಲಮಟ್ಟಿಯಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ, ನಾರಾಯಣಪುರದಲ್ಲಿ ಸುಮಾರು 33. ಜೂರಾಲದಲ್ಲಿ ನಿಲ್ಲುವುದು ಹತ್ತು ಟಿಎಂಸಿಗೂ ಕಡಿಮೆ. ಮಳೆಗಾಲದಲ್ಲಿ ಗೇಟು ತೆರೆದರೆ ಸಮುದ್ರದಂತೆ ಕಾಣುವ ಹೊಳೆ, ಬೇಸಿಗೆಗೆ ಮೇಲಿನ ಹರಿವು ನಿಂತೊಡನೆ ಬಡವರ ಮನೆಯ ಗಡಿಗೆಯಂತಾಗುತ್ತದೆ. ಅಷ್ಟರಲ್ಲೇ ಎಡದಂಡೆ, ಬಲದಂಡೆ ಕಾಲುವೆಗಳ ಪೈರು ಬದುಕಬೇಕು, ಊರುಗಳೂ ಕುಡಿಯಬೇಕು. ಅಕ್ಕನ ಮನೆಯವರ ಗದ್ದೆ ಬಲದಂಡೆಯ ಕೊನೆ ಭಾಗದಲ್ಲಿದೆ. ಕಾಲುವೆಯ ಕೊನೆ ಭಾಗದ ರೈತನ ಕಷ್ಟವನ್ನು ರಾಯಚೂರಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪಾಳಿ ಕಟ್ಟಿ, ರಾತ್ರಿ ಎದ್ದು, ತೂಬಿನ ಬಳಿ ಕಾವಲು ಕೂತು ನೀರು ಹರಿಸಿಕೊಳ್ಳುವುದು ಅವರ ಬಾಳು.

ಅಂದು ರಾತ್ರಿ ಅವರ ಪಾಳಿ. ಊಟವಾದ ಮೇಲೆ ಮಾವ ಸಲಿಕೆ ಹೆಗಲಿಗೇರಿಸಿ, “ಬರ್ತೀಯೇನು ಹೊಲಕ್ಕ?” ಎಂದರು. ನಿದ್ದೆ ಬರುವಂತಿರಲಿಲ್ಲ, ಹೊರಟೆ. ಅಮಾವಾಸ್ಯೆಯ ಕತ್ತಲು. ಬ್ಯಾಟರಿಯ ಬೆಳಕಿನಲ್ಲಿ ಬದುವಿನ ಮೇಲೆ ನಡೆದೆವು. ಮಾವ ಮಡಿಯಿಂದ ಮಡಿಗೆ ಬಾಯಿ ಕಡಿಯುತ್ತ, ಕಟ್ಟುತ್ತ ಹೋದರು. ನೀರು ಸಣ್ಣಗೆ ಸದ್ದು ಮಾಡುತ್ತ ಪೈರಿನ ಬುಡಕ್ಕೆ ನುಗ್ಗುತ್ತಿತ್ತು. ಕಾದ ನೆಲಕ್ಕೆ ನೀರು ಬಿದ್ದಾಗ ಬರುವ ಆ ವಾಸನೆ ನನ್ನನ್ನು ಅಪ್ಪನ ಕಾಲಕ್ಕೆ ಒಯ್ದಿತು.

ರಾತ್ರಿ ಎರಡು ಗಂಟೆಯ ಸುಮಾರಿಗೆ ಮಾವ ತೂಬಿನ ಬಳಿ ಹೋಗಿ ತಮ್ಮ ಕಡೆಯ ಬಾಯಿಗೆ ಮಣ್ಣು ಎಳೆದು ಕಟ್ಟಿದರು. ನೀರು ಕೆಳಗಿನ ಗದ್ದೆಯ ಕಡೆಗೆ ತಿರುಗಿತು. ನನಗೆ ಅರ್ಥವಾಗಲಿಲ್ಲ.

“ಇನ್ನೂ ಎರಡು ತಾಸು ನಿಮ್ಮ ಪಾಳಿ ಅದಲ್ಲ ಮಾವ? ಕೆಳಗಿಂದು ಅವನ ಗದ್ದಿ ಅಲ್ಲೇನು?”

ಆ ‘ಅವನು’ ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷಗಳ ಹಿಂದೆ ಇದೇ ನೀರಿನ ಜಗಳದಲ್ಲಿ ಮಾವನ ಮೇಲೆ ಪೊಲೀಸರಿಗೆ ದೂರು ಕೊಟ್ಟವನು. ಆ ದಿನ ಅಕ್ಕ ಅತ್ತುಕೊಂಡು ನನಗೆ ಫೋನ್ ಮಾಡಿದ್ದಳು.

“ಹೌದು, ಅವಂದೇ,” ಎಂದರು ಮಾವ, ಸಲಿಕೆಯ ಮಣ್ಣು ತೊಳೆಯುತ್ತ. “ಪೈರು ಹೊಡಿಗಿ ಬಂದದ. ಬಸುರಿ ಇದ್ದಂಗ ಅದು. ಈಗ ಒಂದು ನೀರು ತಪ್ಪಿದ್ರ ಎಲ್ಲಾ ಜೊಳ್ಳಾಗ್ತದ. ಜಗಳ ನಂದೂ ಅವಂದೂ. ಪೈರಿಂದೇನು ತಪ್ಪದ?”

“ಅವನಿಗೆ ಹೇಳೀರೇನು?”

“ಯಾಕ ಹೇಳ್ಬೇಕು? ನೀರಿಗೆ ಹಾದಿ ಗೊತ್ತದ.”

ಬದುವಿನ ಮೇಲೆ ಕೂತು ಬೀಡಿ ಹಚ್ಚಲು ಕೈ ಹಾಕಿದವರು, ತಪಸ್ಸು ಕಾಲದ ನೆನಪಾಗಿ ಕಿಸೆಯಿಂದ ಕೈ ತೆಗೆದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಹೇಳಿದರು: “ಆರು ವರ್ಷದ ಹಿಂದ ಬ್ಯಾಸಿಗ್ಯಾಗ ನಮ್ಮ ಡ್ಯಾಮ್ ಬತ್ತಿತ್ತು ನೋಡು, ಆವಾಗ ನಿಮ್ಮ ಕಡೆಯವರು ನಾರಾಯಣಪುರದಿಂದ ನೀರು ಬಿಟ್ರು. ಅವರಿಗೇನು ಹೆಚ್ಚಾಗಿತ್ತೇನು? ನಾವು ಕೆಳಗಿನವರು ಅಂತ ಅಳ್ತಾ ಕೂಡ್ತೀವಿ. ನಾವೂ ಯಾರಿಗೋ ಮ್ಯಾಲಿನವರೇ ಅಲ್ಲೇನು?”

ಅವರು ಹೇಳಿದ್ದು 2019ರ ಮೇ ತಿಂಗಳ ಮಾತು. ಕರ್ನಾಟಕದಲ್ಲೂ ಅದು ಬರದ ವರ್ಷ. ಮೆಹಬೂಬನಗರ ಕಡೆಯ ಊರುಗಳಿಗೆ ಕುಡಿಯುವ ನೀರಿಲ್ಲವೆಂದು ತೆಲಂಗಾಣದ ಮುಖ್ಯಮಂತ್ರಿಯಾಗಿದ್ದ ಕೆ. ಚಂದ್ರಶೇಖರ ರಾವ್ ಅವರು ಆಗಿನ ನಮ್ಮ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರನ್ನು ಕೇಳಿಕೊಂಡರು. ನಾರಾಯಣಪುರದಿಂದ ಜೂರಾಲಕ್ಕೆ ಎರಡೂವರೆ ಟಿಎಂಸಿ ನೀರು ಬಿಡಲು ಕರ್ನಾಟಕ ಒಪ್ಪಿತು. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಕೃಷ್ಣೆಯ ನೀರಿಗಾಗಿ ರಾಜ್ಯಗಳ ನಡುವೆ ದಶಕಗಳ ವ್ಯಾಜ್ಯವಿದೆ, ನ್ಯಾಯಾಧಿಕರಣಗಳಿವೆ. ಅದರ ನಡುವೆಯೂ ಹೀಗೊಂದು ಬೇಸಿಗೆ ಬಂದು ಹೋಗಿತ್ತು. ಪತ್ರಿಕೆಯಲ್ಲಿ ಓದಿ ನಾನು ಮರೆತಿದ್ದೆ. ಕುಡಿದವರು ಮರೆತಿರಲಿಲ್ಲ.

ನಾವೂ ಯಾರಿಗೋ ಮೇಲಿನವರು! ಆ ರಾತ್ರಿ ಮನೆಗೆ ಬಂದು ಮಲಗಿದರೂ ಈ ಮಾತು ನನ್ನನ್ನು ಮಲಗಗೊಡಲಿಲ್ಲ. ಅಣ್ಣನ ವಿಷಯದಲ್ಲಿ ನಾನು ಯಾವಾಗಲೂ ನನ್ನನ್ನು ಕೆಳಗಿನವನೆಂದೇ ಎಣಿಸಿದ್ದೆ. ಅನ್ಯಾಯವಾದದ್ದು ನನಗೆ, ಮೊದಲು ಮಾತಾಡಬೇಕಾದವನು ಅವನು ಎಂದೇ ಕೂತಿದ್ದೆ. ಆದರೆ ಓದಿದವನು ನಾನು, ಹೊತ್ತಿಗೆ ಸರಿಯಾಗಿ ಊಟ ಸಿಗುವವನು ನಾನು, ಸಾಲವಿಲ್ಲದವನು ನಾನು. ತೂಬು ಇದ್ದದ್ದು ಯಾರ ಕೈಯಲ್ಲಿ?

ಬೆಳಿಗ್ಗೆ ಅಕ್ಕ ಒಲೆ ಹಚ್ಚುತ್ತಿದ್ದಳು. ಜನರೆದುರು ನನ್ನನ್ನು ‘ಸ್ವಾಮಿ’ ಎನ್ನುವವಳು ಒಬ್ಬಳೇ ಇದ್ದಾಗ ‘ತಮ್ಮಾ’ ಎನ್ನುತ್ತಾಳೆ.

“ತಮ್ಮಾ, ಇವತ್ತು ಪೂಜಿಗೆ ಯಾವ ವಾಕ್ಯ ಅದ?”

“ತಂದೆ ಮತ್ತು ಇಬ್ಬರು ಮಕ್ಕಳ ಸಾಮತಿ ಅಕ್ಕ.”

ಅವಳು ಉರಿ ಮುಂದಕ್ಕೆ ತಳ್ಳಿದಳು. ಆಮೇಲೆ ಕೇಳಿದಳು: “ಅದರಾಗ ಅಣ್ಣತಮ್ಮ ಕೊನಿಗೆ ಮಾತಾಡಿದ್ರೇನು?”

ನಾನು ಉತ್ತರಿಸಲು ಬಾಯಿ ತೆರೆದು ಹಾಗೇ ಕುಳಿತೆ. ತಂದೆ ಕಿರಿಯವನೊಡನೆ ಮಾತಾಡುತ್ತಾನೆ. ಹೊರಗೆ ಬಂದು ಹಿರಿಯವನೊಡನೆಯೂ ಮಾತಾಡುತ್ತಾನೆ. ಹಿರಿಯ ಮಗ ತಮ್ಮನನ್ನು ತಮ್ಮ ಎಂದು ಸಹ ಕರೆಯುವುದಿಲ್ಲ, ನಿನ್ನ ಮಗ ಎಂದು ತಂದೆಗೇ ಹಿಂದಿರುಗಿಸುತ್ತಾನೆ. ತಂದೆ ತಿದ್ದುತ್ತಾನೆ: ಅವನು ನಿನ್ನ ತಮ್ಮ. ಅಲ್ಲಿಗೆ ಸಾಮತಿ ಮುಗಿಯುತ್ತದೆ. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಆಡಿದ ಒಂದು ಮಾತೂ ಅದರಲ್ಲಿಲ್ಲ. ಗುರುಮಠದಲ್ಲಿ ಇದನ್ನು ವರ್ಷಗಟ್ಟಲೆ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ!

“ಅದು ಬರೆದಿಲ್ಲ ಅಕ್ಕ,” ಎಂದೆ.

“ಹಂಗಾದ್ರ ಅದು ನಮಗ ಬಿಟ್ಟಿದ್ದು,” ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು: “ಹತ್ತಿ ಹೋದ ವರ್ಷ ಅಣ್ಣಗ ಸಾಲ ಕುತ್ತಿಗಿಗೆ ಬಂದಿತ್ತು. ಸ್ವಾಮಿಯಾದವನ ಮುಂದ ಸಾಲದ ಮಾತು ಹೆಂಗ ಆಡ್ಲಿ ಅಂತ ಅಂಜಿದ. ನೀ ಬೈದದ್ದಕ್ಕ ಅವಗ ಸಿಟ್ಟಿಲ್ಲ. ನಾಚಿಕಿ ಅದ.”

ನಾಲ್ಕು ವರ್ಷಗಳಲ್ಲಿ ನಾನು ಒಮ್ಮೆಯೂ ಏಕೆ ಮಾರಿದೆ ಎಂದು ಕೇಳಿರಲಿಲ್ಲ. ಹಿಂದಿನ ಭಾನುವಾರವಷ್ಟೇ ಫಲ ಕೊಡದ ಅಂಜೂರದ ಮರದ ಸಾಮತಿಯನ್ನು ನಮ್ಮ ಜನರಿಗೆ ವಿವರಿಸಿದ್ದೆ. ಇನ್ನೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಳ್ಳುವ ತೋಟಗಾರನನ್ನು ಹೊಗಳಿದ್ದೆ. ನನ್ನ ಅಣ್ಣನ ಸುತ್ತ ನಾನು ಒಂದು ಗುದ್ದಲಿ ಮಣ್ಣನ್ನೂ ಅಗೆದಿರಲಿಲ್ಲ.

ಪೂಜೆಗೆ ಇನ್ನೂ ಅರ್ಧ ಗಂಟೆಯಿತ್ತು. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಸಮಾಧಾನವಾಗು ಎಂಬ ಅರ್ಥದಲ್ಲಿ ಪ್ರಭು ಯೇಸು ಹೇಳಿದ್ದು ಮತ್ತಾಯನ ಶುಭಸಂದೇಶದಲ್ಲಿದೆ. ಪ್ರಾರ್ಥನಾ ಮಂದಿರದ ಎದುರಿಗೆ ಒಂದು ಬೇವಿನ ಮರ. ಅದರ ಕೆಳಗೆ ನಿಂತು ಫೋನ್ ಮಾಡಿದೆ. ಕೈ ನಡುಗುತ್ತಿತ್ತು.

“ಯಾರು?”

“ನಾನು, ಅಣ್ಣ.”

ಬಹಳ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ ಅವನ ದನಿ ಬಂತು:

“ಉಂಡ್ಯಾ?”

ನಾಲ್ಕು ವರ್ಷ ಮಾತು ಬಿಟ್ಟ ತಮ್ಮನಿಗೆ ಅಣ್ಣ ಕೇಳಿದ ಮೊದಲ ಮಾತು ಅದು. ನಾನು ಸಿದ್ಧಪಡಿಸಿಕೊಂಡಿದ್ದ ಕ್ಷಮೆಯ ಮಾತುಗಳೆಲ್ಲ ಗಂಟಲಲ್ಲಿ ನಿಂತವು. “ಇಲ್ಲ ಅಣ್ಣ, ಪೂಜೆ ಆದ ಮೇಲೆ,” ಎಂದೆ. “ಹಂಗಾದ್ರ ಪೂಜಿ ಮಾಡು. ಆಮ್ಯಾಲ ಉಣ್ಣು. ಹಸ್ಕೊಂಡಿರಬ್ಯಾಡ,” ಎಂದ. ಅಷ್ಟೇ. ಆ ದಿನ ಹೊಲದ ಮಾತು ನಾವಿಬ್ಬರೂ ಎತ್ತಲಿಲ್ಲ.

ಫೋನ್ ಇಟ್ಟು ತಲೆ ಎತ್ತಿದೆ. ಕೆಲವು ವಾರಗಳ ಹಿಂದೆ ಬೋಳಾಗಿದ್ದಿರಬೇಕಾದ ಆ ಬೇವು ತಾಮ್ರದ ಬಣ್ಣದ ಚಿಗುರಿನಿಂದ ತುಂಬಿತ್ತು. ಒಂದು ಹನಿ ಮಳೆಯಾಗಿರಲಿಲ್ಲ. ಇದನ್ನು ನೀವು ಗಮನಿಸಿದ್ದೀರಾ? ನಮ್ಮ ಬೇವು, ಅರಳಿ, ಹೊಂಗೆ ಚಿಗುರುವುದು ಮಳೆಗಾಲದಲ್ಲಲ್ಲ, ಉರಿಬಿಸಿಲಿನಲ್ಲಿ. ನೀರು ಕಡಿಮೆಯಾದಾಗ ಮರ ಮೊದಲು ಹಳೆಯ ಎಲೆಗಳನ್ನು ಬಿಟ್ಟುಕೊಡುತ್ತದೆ. ಹಾಗೆ ಉಳಿಸಿದ ನೀರಿನಿಂದ, ಬೇರು ಆಳದಿಂದ ತಂದದ್ದರಿಂದ ಹೊಸ ಎಲೆ ಹೊರಡಿಸುತ್ತದೆ. ಬಿಡದಿದ್ದರೆ ಚಿಗುರಿಲ್ಲ. ವಸಂತ ಮತ್ತು ತಾಪ ಬೇರೆಬೇರೆಯಲ್ಲ ಎಂದು ನಾನು ಕಲಿತದ್ದು ಹೀಗೆ.

ಹಾಗಾದರೆ ಉಪವಾಸವೆಂದರೇನು? ವಿಭೂತಿ ಬುಧವಾರ, ಶುಭ ಶುಕ್ರವಾರ ಒಂದೇ ಹೊತ್ತು ಹೊಟ್ಟೆ ತುಂಬ ಉಣ್ಣುವುದು, ಮಾಂಸ ಬಿಡುವುದು ಧರ್ಮಸಭೆಯ ನಿಯಮ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಪವಿತ್ರ ಶನಿವಾರದವರೆಗೆ ನಲವತ್ತು ದಿನ. ಇದೆಲ್ಲ ನಮಗೆ ಗೊತ್ತು. ಆದರೆ ಉಳಿದದ್ದು ಎಲ್ಲಿಗೆ ಹೋಯಿತು? ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳದ ಉಪವಾಸವನ್ನು ದೇವರು ಮೆಚ್ಚುವುದಿಲ್ಲವೆಂದು ಪ್ರವಾದಿ ಯೆಶಾಯ ಎಚ್ಚರಿಸಿದ್ದಾನೆ. ಐದನೆಯ ಶತಮಾನದ ಜಗದ್ಗುರು ಸಂತ ಮಹಾ ಲಿಯೋ ಉಪವಾಸವನ್ನೂ ದಾನವನ್ನೂ ಒಟ್ಟಿಗೇ ಬೋಧಿಸಿದರು. ನಮ್ಮ ತಾಯಂದಿರು ಅಡುಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿ ಬೇರೆ ಗಡಿಗೆಗೆ ಹಾಕಿಡುವುದೂ ಇದೇ ಪಾಠ. ನನ್ನ ತಟ್ಟೆಯಲ್ಲಿ ಕಡಿಮೆಯಾದದ್ದು ಇನ್ನೊಬ್ಬರ ತಟ್ಟೆಗೆ ಸೇರದಿದ್ದರೆ ಅದು ಪಥ್ಯವಾಯಿತೇ ಹೊರತು ತಪಸ್ಸಾಗಲಿಲ್ಲ. ನೀರು ಹಿಡಿದಿಡುವುದು ಅಣೆಕಟ್ಟಿನ ಅರ್ಧ ಕೆಲಸ ಮಾತ್ರ, ಬಿಡುವುದು ಇನ್ನರ್ಧ.

ಮಾವನ ಉಪಕಾರ ಆ ಕೆಳಗಿನ ಗದ್ದೆಯವನಿಗೆ ಇಂದಿಗೂ ತಿಳಿದಿಲ್ಲ. ಯುಗಾದಿಯ ದಿನ ಅವನ ಮನೆಯಿಂದ ಹೋಳಿಗೆ ಬರಲಿಲ್ಲ. ಮಾವ ಅದನ್ನು ಕಾಯುತ್ತಲೂ ಇರಲಿಲ್ಲ. ಆದರೆ ಅವನ ಪೈರು ಜೊಳ್ಳಾಗಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದಳು.

ಪಾಸ್ಖ ಹಬ್ಬದ ಮರುದಿನ, 2025ರ ಏಪ್ರಿಲ್ 21ರ ಸೋಮವಾರ, ಊರಿಗೆ ಹೋದೆ. ಅಣ್ಣನೊಡನೆ ಒಂದೇ ಸಾಲಿನಲ್ಲಿ ಕೂತು ರೊಟ್ಟಿ ಉಣ್ಣುತ್ತಿದ್ದಾಗಲೇ ಜಗದ್ಗುರು ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ದೇವರ ಕರುಣೆಯ ಬಗ್ಗೆ ದಣಿಯದೆ ಮಾತಾಡಿದ ಹಿರಿಯರು. ಅಣ್ಣನೇ ಎದ್ದು ಯೇಸುಸ್ವಾಮಿಯ ಪಟದ ಮುಂದೆ ಮೇಣದಬತ್ತಿ ಹಚ್ಚಿದ. ಮನೆಯವರೆಲ್ಲ ಸೇರಿ ಪ್ರಾರ್ಥಿಸಿದೆವು. ಅವರು ಸಾರಿದ್ದ ಜ್ಯೂಬಿಲಿ ವರ್ಷ ಅದು. ಹಳೆಯ ಒಡಂಬಡಿಕೆಯ ಜ್ಯೂಬಿಲಿಯಲ್ಲಿ ಮಾರಿದ ಹೊಲ ಮೂಲ ಮನೆತನಕ್ಕೆ ಮರಳಬೇಕೆಂಬ ಕಟ್ಟಳೆ ಇತ್ತು. ನಮ್ಮ ಎರಡೆಕರೆ ಮರಳಲಿಲ್ಲ, ಮರಳುವುದೂ ಇಲ್ಲ. ಸಂಜೆ ಅಣ್ಣ ನನ್ನನ್ನು ಬಸ್ಸಿಗೆ ಬಿಡಲು ಆ ಹೊಲದ ಪಕ್ಕದ ದಾರಿಯಲ್ಲೇ ಬಂದ. ಇಬ್ಬರೂ ಅತ್ತ ನೋಡಿದೆವು. ಅವನು ನನ್ನ ಚೀಲ ತನ್ನ ಹೆಗಲಿಗೆ ಹಾಕಿಕೊಂಡಿದ್ದ, ಕೇಳಿದರೂ ಕೊಡಲಿಲ್ಲ.

ಪ್ರಿಯರೇ, ನಮ್ಮ ನಮ್ಮ ಮನೆಗಳಲ್ಲಿ ಯೋಚಿಸೋಣ. ಹಣೆಯ ವಿಭೂತಿ ಸಂಜೆಗೆ ಅಳಿಸಿಹೋಗುತ್ತದೆ, ಶಿಲುಬೆಯ ಹಾದಿ ಹದಿನಾಲ್ಕನೆಯ ಸ್ಥಳಕ್ಕೆ ಮುಗಿಯುತ್ತದೆ. ಆದರೆ ನಮ್ಮ ತೂಬಿನ ಕೆಳಗೆ ಒಬ್ಬರು ಕಾಯುತ್ತಿರಬಹುದು. ಮಾತು ಬಿಟ್ಟ ಅಣ್ಣನೋ, ತವರಿಗೆ ಬಾರದ ತಂಗಿಯೋ, ಬಾಗಿಲು ಮುಚ್ಚಿಕೊಂಡ ನೆರೆಯವರೋ. ಮೊದಲು ಅವರು ಬರಲಿ ಎಂದು ನಾವು, ನಾವು ಬರಲಿ ಎಂದು ಅವರು ಕೂತರೆ ಪೈರು ಯಾರಿಗಾಗಿ ಕಾಯುತ್ತದೆ? ಒಂದು ಸಲಿಕೆ ಮಣ್ಣು ಎಳೆದರೆ ಸಾಕು. ನೀರಿಗೆ ಹಾದಿ ಗೊತ್ತು.

ದೇವರು ನಿಮ್ಮ ಕುಟುಂಬವನ್ನು ಆಶೀರ್ವದಿಸಲಿ.